ಹಳೇ ಫೋನ್‌ಗೆ ಇಂಟರ್‌ನೆಟ್ ಲೈನ್: ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಮತ್ತು ಎಚ್‌ಟಿ802 ವಿಮರ್ಶೆ

ಮನೆಯಲ್ಲಿರುವ ಲ್ಯಾಂಡ್‌ಲೈನ್ ಫೋನ್‌ಗಳನ್ನು ಹಾಗೇ ಇಟ್ಟುಕೊಂಡು ಕರೆಗಳನ್ನು ಮಾತ್ರ ಇಂಟರ್‌ನೆಟ್ ಮೇಲೆ ಹಾಕಿಕೊಳ್ಳಬೇಕು ಅನ್ನುವವರಿಗೆ ಬೇಕಾದದ್ದು ಎಟಿಎ ಅನ್ನುವ ಅಂಗೈಯಗಲದ ಡಬ್ಬಿ. ಒಂದು ಕಡೆ ಫೋನಿನ ವೈರು, ಇನ್ನೊಂದು ಕಡೆ ರೂಟರ್‌ನಿಂದ ಬಂದ ಕೇಬಲ್. ಸಿಪ್ (ಇಂಟರ್‌ನೆಟ್ ಮೇಲೆ ಕರೆ ಏರ್ಪಡಿಸುವ ಪದ್ಧತಿ) ವಿವರ ಕೊಡುವ ಯಾವ ಇಂಟರ್‌ನೆಟ್ ಫೋನ್ ಸೇವೆಗಾದರೂ ಹೊಂದುವ ಎಟಿಎಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಎಚ್‌ಟಿ801 ಮತ್ತು ಎಚ್‌ಟಿ802. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಮನೆ ಬಳಕೆಗೆ ಧೈರ್ಯವಾಗಿ ಕೊಳ್ಳಬಹುದು. ಆದರೆ ಡಬ್ಬಿ ಒಳ್ಳೆಯದು ಅಂದ ಮಾತ್ರಕ್ಕೆ ಫೋನು ಸರಿಯಾಗಿ ನಡೆಯುತ್ತದೆ ಅಂತಲ್ಲ. ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅದರ ಅಕ್ಕಪಕ್ಕದಲ್ಲಿ. ಒಂದು ಪಕ್ಕ ಗೋಡೆಯೊಳಗಿನ ತಾಮ್ರದ ತಂತಿ, ಇನ್ನೊಂದು ಪಕ್ಕ ರೂಟರ್. ಅವೆರಡನ್ನೂ ಬಿಟ್ಟು ಡಬ್ಬಿಯನ್ನಷ್ಟೇ ಅಳೆದು ನಕ್ಷತ್ರ ಕೊಟ್ಟರೆ ಕೊಳ್ಳುವವರಿಗೆ ಏನೂ ಉಪಯೋಗವಿಲ್ಲ.

ಡಬ್ಬಿಯಲ್ಲಿ ಏನಿದೆ

ಎಚ್‌ಟಿ801ರಲ್ಲಿ ಫೋನ್ ಪೋರ್ಟ್ ಒಂದು, ಎಚ್‌ಟಿ802ರಲ್ಲಿ ಎರಡು. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಇರುವುದು 10/100 ಮೆಗಾಬಿಟ್‌ನ ಒಂದೇ ನೆಟ್‌ವರ್ಕ್ ಪೋರ್ಟ್. ವೈಫೈ ಇಲ್ಲ. ಅಂದರೆ ಡಬ್ಬಿ ರೂಟರ್ ಪಕ್ಕದಲ್ಲೇ ಕೂರಬೇಕು, ಇಲ್ಲವೇ ಅಲ್ಲಿವರೆಗೆ ಕೇಬಲ್ ಎಳೆಯಬೇಕು. ನೆಟ್‌ವರ್ಕ್ ಪೋರ್ಟ್ ಇರುವ ವೈಫೈ ಎಕ್ಸ್‌ಟೆಂಡರ್‌ಗೆ ಸಿಕ್ಕಿಸಿದರೂ ನಡೆಯುತ್ತದೆ, ಆದರೆ ವೈಫೈ ತಡವರಿಸಿದಾಗ ಮಾತೂ ತಡವರಿಸುತ್ತದೆ. ರೂಟರ್‌ನಲ್ಲಿ ಒಂದು ಪೋರ್ಟ್ ಖಾಲಿ ಇದ್ದರೆ ಬೇರೆ ಯೋಚನೆಯೇ ಬೇಡ.

ಪವರ್ 5 ವೋಲ್ಟ್, 1 ಆಂಪಿಯರ್; ಇಲ್ಲಿ ಹೇಳುತ್ತಿರುವ ಮೂಲ ಮಾದರಿಗಳಲ್ಲಿ ಅದು ಮೈಕ್ರೋ ಯುಎಸ್‌ಬಿ ಪಿನ್‌ನಲ್ಲಿ ಬರುತ್ತದೆ. ಇದು ದೊಡ್ಡ ಅನುಕೂಲ. ಅಡಾಪ್ಟರ್ ಕೆಟ್ಟರೆ ಮನೆಯಲ್ಲೇ ಬಿದ್ದಿರುವ ಹಳೇ ಮೊಬೈಲ್ ಚಾರ್ಜರ್ ಸಾಕು. ಆದರೆ ರೂಟರ್ ಹಿಂದಿನ ಯುಎಸ್‌ಬಿ ಪೋರ್ಟ್‌ನಿಂದ ಪವರ್ ತೆಗೆಯುವ ಆಸೆ ಬೇಡ. ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪಿಯರ್. ಸುಮ್ಮನೆ ಕೂತಿರುವಾಗ ಅದು ಸಾಲಬಹುದು, ಗಂಟೆ ಹೊಡೆಯುವಾಗ ಸಾಲದೆ ಹೋಗಬಹುದು. ಕರೆ ಬಂದಾಗಲೆಲ್ಲ ಡಬ್ಬಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಪವರ್.

ಗಂಟೆಗೆ ಅಷ್ಟು ಶಕ್ತಿ ಏಕೆ ಬೇಕು? ಹಿಂದೆ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಈ ಡಬ್ಬಿಯೇ ಮಾಡಬೇಕು. ರಿಸೀವರ್ ಕೆಳಗಿಟ್ಟಾಗ ಲೈನ್ ಮೇಲೆ ಸುಮಾರು 48 ವೋಲ್ಟ್ ಡಿಸಿ ಹಿಡಿದಿರಬೇಕು, ಎತ್ತಿದ ಕೂಡಲೇ ಡಯಲ್ ಟೋನ್ ಕೊಡಬೇಕು, ಒತ್ತಿದ ಅಂಕಿಗಳನ್ನು ಗುರುತಿಸಬೇಕು, ಕರೆ ಬಂದಾಗ ಸುಮಾರು 20 ಹರ್ಟ್ಸ್‌ನ ಎಸಿ ಕಳಿಸಿ ಗಂಟೆ ಹೊಡೆಸಬೇಕು. ಎಕ್ಸ್‌ಚೇಂಜ್‌ನ ಹಿಂದೆ ಬ್ಯಾಟರಿಗಳ ಸಾಲೇ ಇರುತ್ತಿತ್ತು. ಇಲ್ಲಿರುವುದು ಒಟ್ಟು 5 ವ್ಯಾಟ್. ಮನೆಯಲ್ಲಿ ಎಷ್ಟು ಫೋನ್ ಕೂಡಿಸಬಹುದು ಅನ್ನುವುದಕ್ಕೆ ಮಿತಿ ಇರುವುದು ಇದೇ ಕಾರಣಕ್ಕೆ.

801 ಸಾಕೋ 802 ಬೇಕೋ? ಒಂದೇ ನಂಬರ್ ಇದ್ದು, ಮನೆಯ ಎಲ್ಲ ಫೋನ್‌ಗಳೂ ಒಟ್ಟಿಗೆ ಗಂಟೆ ಹೊಡೆದರೆ ಸಾಕು ಅನ್ನುವವರಿಗೆ 801. ಎರಡನೇ ನಂಬರ್ ಇದ್ದರೆ, ಫ್ಯಾಕ್ಸ್ ಯಂತ್ರ ಇದ್ದರೆ, ಅಥವಾ ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಬ್ಬರು ಬೇರೆ ಕರೆ ಮಾಡಬೇಕಿದ್ದರೆ 802. ಅದರ ಎರಡು ಪೋರ್ಟ್‌ಗಳಿಗೆ ಬೇರೆ ಬೇರೆ ಖಾತೆ, ಬೇರೆ ಬೇರೆ ಸೇವೆಯನ್ನೂ ಹಾಕಬಹುದು. ಹಳೇ ಲೈನನ್ನೂ ಇಟ್ಟುಕೊಂಡು ಎರಡನ್ನೂ ಒಂದೇ ಫೋನ್‌ನಲ್ಲಿ ಬಳಸುವ ಯೋಚನೆ ಇದ್ದರೆ ಇವೆರಡೂ ಆಗುವುದಿಲ್ಲ. ಹೊರಗಿನ ಲೈನ್ ಸಿಕ್ಕಿಸುವ ಪೋರ್ಟ್ ಇರುವುದು ಎಚ್‌ಟಿ813ರಲ್ಲಿ.

ಸೆಕೆಂಡ್ ಹ್ಯಾಂಡ್ ಡಬ್ಬಿ ಅಗ್ಗವಾಗಿ ಸಿಕ್ಕರೆ ಒಂದು ಪ್ರಶ್ನೆ ಕೇಳದೆ ಕೊಳ್ಳಬೇಡಿ: ಇದು ಯಾವುದಾದರೂ ಸೇವೆಗೆ ಲಾಕ್ ಆಗಿದೆಯೇ? ಕಂಪನಿಗಳು ತಮ್ಮ ಗ್ರಾಹಕರಿಗೆ ಕೊಡುವ ಎಟಿಎಗಳು ಸಾಮಾನ್ಯವಾಗಿ ಲಾಕ್ ಆಗಿರುತ್ತವೆ. ಅವುಗಳ ಅಡ್ಮಿನ್ ಪಾಸ್‌ವರ್ಡ್ ಸಿಗುವುದಿಲ್ಲ, ರೀಸೆಟ್ ಮಾಡಿದರೂ ಮತ್ತೆ ಅದೇ ಕಂಪನಿಯ ಸರ್ವರ್‌ನಿಂದ ಸೆಟ್ಟಿಂಗ್ ಎಳೆದುಕೊಳ್ಳುತ್ತವೆ. ಸಿಸ್ಕೋ ಎಸ್‌ಪಿಎ112, ಓಬಿ200 ಒಂದು ಕಾಲಕ್ಕೆ ತುಂಬ ಮೆಚ್ಚಿನವು. ಈಗ ಅವುಗಳ ಮಾರಾಟ ನಿಂತಿದೆ. ಇಪ್ಪತ್ತನಾಲ್ಕು ಗಂಟೆ ಇಂಟರ್‌ನೆಟ್‌ಗೆ ಅಂಟಿಕೊಂಡಿರುವ ಸಾಧನಕ್ಕೆ ಭದ್ರತಾ ಅಪ್‌ಡೇಟ್ ಬರುವುದು ನಿಂತಮೇಲೆ ಅದನ್ನು ಹೊಸದಾಗಿ ಕೊಳ್ಳುವುದು ಜಾಣತನವಲ್ಲ.

ಸೇವೆ ಆರಿಸುವಾಗ

ಸೇವೆ ಕೊಡುವವರ ಹತ್ತಿರ ಕೇಳಬೇಕಾದ ಮೊದಲ ಮಾತು: ನನ್ನದೇ ಎಟಿಎ ಬಳಸಲು ಸಿಪ್ ವಿವರ ಕೊಡುತ್ತೀರಾ? ಆಪ್ ಮಾತ್ರ ಕೊಡುವ ಸೇವೆಗಳು ಈ ಡಬ್ಬಿಗೆ ಪ್ರಯೋಜನವಿಲ್ಲ. ಕೊಡುತ್ತೇವೆ ಅಂದರೆ ನಾಲ್ಕು ವಿವರ ಬರೆದಿಟ್ಟುಕೊಳ್ಳಿ: ಸರ್ವರ್ ಹೆಸರು, ಯೂಸರ್ ಐಡಿ, ಆಥೆಂಟಿಕೇಶನ್ ಐಡಿ, ಪಾಸ್‌ವರ್ಡ್. ಕೆಲವು ಸೇವೆಗಳಲ್ಲಿ ಐದನೆಯದಾಗಿ ಔಟ್‌ಬೌಂಡ್ ಪ್ರಾಕ್ಸಿಯೂ (ಕರೆಗಳು ಹಾದುಹೋಗಬೇಕಾದ ನಡುವಿನ ಸರ್ವರ್) ಇರುತ್ತದೆ. ಸಿಪ್ ಪಾಸ್‌ವರ್ಡ್ ಅನ್ನುವುದು ಆ ಸೇವೆಯ ವೆಬ್‌ಸೈಟ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್‌ಗಿಂತ ಬೇರೆಯಾಗಿರುವುದೇ ಹೆಚ್ಚು. ಅನೇಕರು ಇಲ್ಲೇ ಎಡವುತ್ತಾರೆ.

ಹಳೇ ನಂಬರನ್ನೇ ಉಳಿಸಿಕೊಳ್ಳಬೇಕಿದ್ದರೆ, ಪೋರ್ಟಿಂಗ್ (ನಂಬರನ್ನು ಹೊಸ ಸೇವೆಗೆ ವರ್ಗಾಯಿಸುವುದು) ಪೂರ್ತಿ ಮುಗಿಯುವವರೆಗೂ ಹಳೇ ಲೈನನ್ನು ರದ್ದು ಮಾಡಬಾರದು. ರದ್ದಾದ ನಂಬರ್ ಪೋರ್ಟ್ ಆಗುವುದಿಲ್ಲ. ಮನೆಯ ನಂಬರ್ ಕೊಡಬಹುದೇ, ಪೋರ್ಟ್ ಮಾಡಬಹುದೇ ಅನ್ನುವುದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು, ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ. ವಿದೇಶಿ ಕರೆ ಬೇಡದಿದ್ದರೆ ಖಾತೆಯಲ್ಲೇ ಬಂದ್ ಮಾಡಿಸಿ, ಬೇಕಿದ್ದರೆ ದಿನದ ಮಿತಿ ಹಾಕಿಸಿ. ಸಿಪ್ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕರೆ ಅವರು ಮೊದಲು ಮಾಡುವುದೇ ದುಬಾರಿ ವಿದೇಶಿ ನಂಬರ್‌ಗಳಿಗೆ ಕರೆ.

ಮೊದಲು ಒಂದೇ ಫೋನ್

ಮನೆಯ ವೈರಿಂಗ್ ಮುಟ್ಟುವ ಮೊದಲು ಒಂದೇ ಒಂದು ಫೋನನ್ನು ನೇರವಾಗಿ ಡಬ್ಬಿಗೆ ಸಿಕ್ಕಿಸಿ ಕೆಲಸ ಮುಗಿಸಿಕೊಳ್ಳಬೇಕು. ಈ ಕ್ರಮ ತಪ್ಪಿದರೆ ತೊಂದರೆ ಎಲ್ಲಿದೆ ಅಂತ ಹುಡುಕುವುದೇ ಕಷ್ಟ.

ನೆಟ್‌ವರ್ಕ್ ಕೇಬಲ್ ರೂಟರ್‌ಗೆ, ಫೋನ್ ಡಬ್ಬಿಗೆ, ಕೊನೆಗೆ ಪವರ್. ಒಂದೆರಡು ನಿಮಿಷ ಬಿಟ್ಟು ರಿಸೀವರ್ ಎತ್ತಿ ಸ್ಟಾರ್ ಗುಂಡಿಯನ್ನು ಮೂರು ಸಲ ಒತ್ತಿ. ಧ್ವನಿ ಮೆನು ಬರುತ್ತದೆ. 02 ಒತ್ತಿದರೆ ರೂಟರ್ ಕೊಟ್ಟ ಐಪಿ ವಿಳಾಸವನ್ನು ಓದಿ ಹೇಳುತ್ತದೆ. ಅದನ್ನು ಅದೇ ರೂಟರ್‌ನಲ್ಲಿರುವ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಹಾಕಿದರೆ ಲಾಗಿನ್ ಪುಟ ತೆರೆಯುತ್ತದೆ. ಹಳೇ ಸ್ಟಾಕ್ ಆದರೆ ಪಾಸ್‌ವರ್ಡ್ 'ಅಡ್ಮಿನ್' ಅನ್ನುವ ಇಂಗ್ಲಿಷ್ ಪದವೇ, ಹೊಸದಾದರೆ ಡಬ್ಬಿಯ ತಳದ ಸ್ಟಿಕ್ಕರ್ ಮೇಲೆ ಅಚ್ಚಾಗಿರುತ್ತದೆ. ಒಳಗೆ ಹೋದ ಕೂಡಲೇ ಅದನ್ನು ಬದಲಾಯಿಸಿ, ಆಮೇಲೆ ಫರ್ಮ್‌ವೇರ್ (ಡಬ್ಬಿಯೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಸೆಟ್ಟಿಂಗ್‌ಗಳನ್ನೆಲ್ಲ ತುಂಬಿಸಿದ ಮೇಲೆ ಅಪ್‌ಡೇಟ್ ಮಾಡುವುದಕ್ಕಿಂತ ಖಾಲಿ ಇರುವಾಗಲೇ ಮಾಡುವುದು ನಿಶ್ಚಿಂತೆ.

ವೆಬ್ ಪುಟ ನೋಡಲು ಹಳೇ ಕಾಲದ್ದು. 801ರಲ್ಲಿ ಎಫ್‌ಎಕ್ಸ್‌ಎಸ್ ಪೋರ್ಟ್ (ಅಂದರೆ ಫೋನ್ ಪೋರ್ಟ್) ಅನ್ನುವ ಒಂದೇ ಪುಟದಲ್ಲಿ ಉದ್ದಕ್ಕೆ ನೂರಾರು ಸಾಲು, 802ರಲ್ಲಿ ಅವು ಪ್ರೊಫೈಲ್ ಮತ್ತು ಎಫ್‌ಎಕ್ಸ್‌ಎಸ್ ಪುಟಗಳಿಗೆ ಹಂಚಿಹೋಗಿವೆ. ಹೊಸಬರಿಗೆ ಗಾಬರಿಯಾಗುವುದು ಸಹಜ, ನಮ್ಮ ಪ್ರಕಾರ ಈ ಡಬ್ಬಿಯ ದೊಡ್ಡ ಕೊರತೆಯೂ ಇದೇ. ಆದರೆ ಕೈ ಹಾಕಬೇಕಾದ ಸಾಲುಗಳು ಬೆರಳೆಣಿಕೆ. ಪ್ರೈಮರಿ ಸಿಪ್ ಸರ್ವರ್, ಇದ್ದರೆ ಔಟ್‌ಬೌಂಡ್ ಪ್ರಾಕ್ಸಿ, ಸಿಪ್ ಯೂಸರ್ ಐಡಿ, ಆಥೆಂಟಿಕೇಟ್ ಐಡಿ, ಪಾಸ್‌ವರ್ಡ್. ನ್ಯಾಟ್ (ರೂಟರ್ ವಿಳಾಸ ಬದಲಾಯಿಸುವ ಕ್ರಮ) ಟ್ರಾವರ್ಸಲ್ ಅನ್ನುವಲ್ಲಿ ಕೀಪ್ ಅಲೈವ್ (ದಾರಿ ಮುಚ್ಚದಂತೆ ಆಗಾಗ ಕಳಿಸುವ ಸಣ್ಣ ಸಂದೇಶ). ಕೆಳಗೆ ಅಪ್ಲೈ ಒತ್ತಿ, ರೀಬೂಟ್. ಸ್ಟೇಟಸ್ ಪುಟದಲ್ಲಿ ಪೋರ್ಟ್ ಎದುರು 'ರಿಜಿಸ್ಟರ್ಡ್' ಅಂತ ಬಂದರೆ ಅರ್ಧ ಕೆಲಸ ಮುಗಿದಂತೆ.

ಬರದಿದ್ದರೆ ಊಹೆ ಮಾಡುತ್ತ ಕೂರಬೇಡಿ. ಸಿಪ್ ಸರ್ವರ್ ಕಳಿಸುವ ಉತ್ತರಗಳಿಗೆ ಸಂಖ್ಯೆಗಳಿವೆ. ಸೇವೆಯವರ ವೆಬ್‌ಸೈಟ್‌ನ ಲಾಗ್‌ನಲ್ಲೋ ಡಬ್ಬಿಯ ಸಿಸ್ಲಾಗ್‌ನಲ್ಲೋ ಅವು ಸಿಗುತ್ತವೆ. 401 ಅಥವಾ 407 ಒಮ್ಮೆ ಬಂದು ಹೋದರೆ ತಪ್ಪೇನಿಲ್ಲ, ಅದು ಪಾಸ್‌ವರ್ಡ್ ಕೇಳುವ ರೀತಿ. ಅದೇ ಮತ್ತೆ ಮತ್ತೆ ಬಂದರೆ ಪಾಸ್‌ವರ್ಡ್ ತಪ್ಪು. 403 ಅಂದರೆ ಖಾತೆಗೆ ಅನುಮತಿ ಇಲ್ಲ. 404 ಅಂದರೆ ಆ ಯೂಸರ್ ಐಡಿ ಸರ್ವರ್‌ಗೆ ಗೊತ್ತಿಲ್ಲ. 408 ಅಂದರೆ ಉತ್ತರವೇ ಬಂದಿಲ್ಲ: ಸರ್ವರ್ ಹೆಸರು ತಪ್ಪಿರಬೇಕು, ಇಲ್ಲವೇ ದಾರಿಯಲ್ಲಿ ಯಾವುದೋ ಫೈರ್‌ವಾಲ್ ತಡೆದಿರಬೇಕು. ಕರೆ ಮಾಡಿದಾಗ 488 ಬಂದರೆ ಎರಡೂ ಕಡೆಯ ಕೋಡೆಕ್ (ದನಿಯನ್ನು ಡಿಜಿಟಲ್ ರೂಪಕ್ಕೆ ತಿರುಗಿಸುವ ವಿಧಾನ) ಹೊಂದುತ್ತಿಲ್ಲ.

ಕೋಡೆಕ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಜಿ.711 ಮೊದಲ ಆಯ್ಕೆಯಾಗಿರಲಿ. 1972ರಿಂದ ಇರುವ ಈ ಕೋಡೆಕ್‌ನ ಮಾತಿನ ಭಾಗ 64 ಕಿಲೋಬಿಟ್. ಪ್ಯಾಕೆಟ್‌ಗಳ ತಲೆಬರಹವೆಲ್ಲ ಸೇರಿ ಒಂದೊಂದು ದಿಕ್ಕಿಗೆ ಸುಮಾರು 87 ಕಿಲೋಬಿಟ್ ಆಗುತ್ತದೆ. ಇವತ್ತಿನ ಬ್ರಾಡ್‌ಬ್ಯಾಂಡ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅಪ್‌ಲೋಡ್ ತೀರಾ ಕಡಿಮೆ ಇರುವಲ್ಲಿ ಮಾತ್ರ ಜಿ.729ರ ಕಡೆ ನೋಡಿ. ಅದಕ್ಕೆ ಸುಮಾರು 31 ಕಿಲೋಬಿಟ್ ಸಾಕು, ಆದರೆ ದನಿ ತುಸು ತೆಳುವಾಗುತ್ತದೆ, ಫ್ಯಾಕ್ಸ್ ನಡೆಯುವುದಿಲ್ಲ.

ಡಯಲ್ ಮಾಡಿದ ಮೇಲೆ ಕೆಲವು ಸೆಕೆಂಡ್ ಮೌನ ಅನ್ನುವ ದೂರು ಎಲ್ಲರದ್ದೂ. ಕೊನೆಯ ಅಂಕಿ ಒತ್ತಾಯಿತೋ ಇಲ್ಲವೋ ಡಬ್ಬಿಗೆ ಗೊತ್ತಾಗುವುದಿಲ್ಲ. ಮೊದಲಿಂದ ಇರುವ ಸೆಟ್ಟಿಂಗ್‌ನಲ್ಲಿ 4 ಸೆಕೆಂಡ್ ಕಾಯುತ್ತದೆ. ನಂಬರ್ ಒತ್ತಿ ಹ್ಯಾಶ್ ಒತ್ತಿದರೆ ತಕ್ಷಣ ಹೋಗುತ್ತದೆ. ಮನೆಮಂದಿಗೆಲ್ಲ ಹ್ಯಾಶ್ ಅಭ್ಯಾಸ ಮಾಡಿಸುವುದಕ್ಕಿಂತ ಡಯಲ್ ಪ್ಲಾನ್ ತಿದ್ದುವುದು ಮೇಲು: ನಿಮ್ಮಲ್ಲಿ ನಂಬರ್ ಎಷ್ಟು ಅಂಕಿಯದ್ದೋ ಅಷ್ಟು ಅಂಕಿಯ ನಮೂನೆ ಬರೆದರೆ ಕೊನೆಯ ಅಂಕಿ ಒತ್ತಿದ ಕೂಡಲೇ ಕರೆ ಹೊರಡುತ್ತದೆ. ತಿದ್ದುವಾಗ ತುರ್ತು ಸೇವೆಯ ಚಿಕ್ಕ ನಂಬರ್‌ಗಳನ್ನು ಸೇರಿಸುವುದನ್ನು ಮರೆಯಲೇಬಾರದು. ಪ್ಲಾನ್‌ನಲ್ಲಿಲ್ಲದ ನಂಬರನ್ನು ಡಬ್ಬಿ ಹೊರಗೇ ಬಿಡುವುದಿಲ್ಲ.

ರೂಟರ್ ಕಡೆಯ ಕಾಟ

ಸಿಪ್‌ನ ಈಗಿನ ರೂಪ 2002ರಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 3261 ಆಗಿ ಬಂತು. ಕರೆ ಏರ್ಪಡಿಸುವ ಮಾತುಕತೆ ಒಂದು ದಾರಿಯಲ್ಲಿ, ದನಿ ಇನ್ನೊಂದು ದಾರಿಯಲ್ಲಿ ಹೋಗುವುದು ಅದರ ರೀತಿ. ಮನೆಯ ರೂಟರ್ ನಡುವೆ ನಿಂತು ವಿಳಾಸ ಬದಲಾಯಿಸುವುದರಿಂದ ತೊಡಕು ಶುರು. ಇದನ್ನು ಸರಿಮಾಡುತ್ತೇವೆ ಅಂತ ರೂಟರ್ ತಯಾರಕರು ಸಿಪ್ ಎಎಲ್‌ಜಿ ಅನ್ನುವ ಸೌಲಭ್ಯ ಸೇರಿಸಿದರು. ಅದು ಪ್ಯಾಕೆಟ್ ಒಳಗೆ ಕೈ ಹಾಕಿ ವಿಳಾಸ ತಿದ್ದುತ್ತದೆ, ಅರೆಬರೆ ತಿದ್ದಿ ಕೆಡಿಸುವುದೂ ಉಂಟು. ಮೊದಲು ಅದನ್ನು ಆಫ್ ಮಾಡಿ. ಫೋನ್ ಒಂದು ಸಲ ನಡೆದು ಇನ್ನೊಂದು ಸಲ ಕೈಕೊಡುವಂಥ ವಿಚಿತ್ರ ತೊಂದರೆಗಳಲ್ಲಿ ಬಹಳಷ್ಟು ಇಷ್ಟಕ್ಕೇ ನಿಲ್ಲುತ್ತವೆ.

ಲಕ್ಷಣ ನೋಡಿ ಕಾರಣ ಹೇಳಬಹುದಾದ ಕೆಲವು ತೊಂದರೆಗಳಿವೆ. ಕರೆ ಪ್ರತಿ ಸಲವೂ ಸರಿಯಾಗಿ 32 ಸೆಕೆಂಡ್‌ಗೆ ಕಟ್ಟಾದರೆ, ಕರೆ ಎತ್ತಿದ್ದಕ್ಕೆ ಕಳಿಸುವ ಒಪ್ಪಿಗೆಯ ಸಂದೇಶ ಇನ್ನೊಂದು ತುದಿಗೆ ಮುಟ್ಟುತ್ತಿಲ್ಲ. ಸಿಪ್‌ನ ಮೂಲ ಕಾಲಮಾನ ಅರ್ಧ ಸೆಕೆಂಡ್, ಅದರ 64 ಪಟ್ಟು ಕಾದು ಆ ತುದಿ ಕೈಬಿಡುತ್ತದೆ. 32 ಬಂದದ್ದು ಹಾಗೆ. ಎಎಲ್‌ಜಿ ಅಥವಾ ನ್ಯಾಟ್ ಸೆಟ್ಟಿಂಗ್ ಕಾರಣ. ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಗಡಿಯಾರ ನೋಡಿದ ಹಾಗೆ ಕಟ್ಟಾದರೆ ಅದು ಸೆಶನ್ ಟೈಮರ್. ನಡುವೆ ಆಗಬೇಕಾದ ನವೀಕರಣ ಸೋಲುತ್ತಿದೆ. ಟೈಮರ್ ಆಫ್ ಮಾಡಿ ನೋಡಬಹುದು.

ಹೊರಗೆ ಕರೆ ಹೋಗುತ್ತದೆ, ಒಳಗೆ ಬರುವುದಿಲ್ಲ, ಆದರೆ ರೀಬೂಟ್ ಮಾಡಿದ ಸ್ವಲ್ಪ ಹೊತ್ತು ಬರುತ್ತದೆ ಅನ್ನುವುದು ಇನ್ನೊಂದು ಸಾಮಾನ್ಯ ದೂರು. ರೂಟರ್ ತಾನು ತೆರೆದ ಯುಡಿಪಿ (ಸಿಪ್ ಸಾಮಾನ್ಯವಾಗಿ ಬಳಸುವ ಸಾಗಣೆ ವಿಧಾನ) ದಾರಿಯನ್ನು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮುಚ್ಚಿಬಿಡುತ್ತದೆ. ಡಬ್ಬಿಯ ರಿಜಿಸ್ಟ್ರೇಶನ್ ಅವಧಿ ಮೊದಲಿಗೆ 60 ನಿಮಿಷ ಇರುತ್ತದೆ. ಅಷ್ಟು ಹೊತ್ತು ಯಾವ ರೂಟರೂ ದಾರಿ ತೆರೆದಿಡುವುದಿಲ್ಲ. ಕೀಪ್ ಅಲೈವ್ 20 ಸೆಕೆಂಡ್‌ಗೊಮ್ಮೆ ಹೋಗುತ್ತಿರಲಿ, ಜೊತೆಗೆ ರಿಜಿಸ್ಟ್ರೇಶನ್ ಅವಧಿಯನ್ನು ಸೇವೆಯವರು ಒಪ್ಪುವಷ್ಟು ಇಳಿಸಿ. ಅದಕ್ಕೂ ಬಗ್ಗದಿದ್ದರೆ ಯುಡಿಪಿ ಬದಲು ಟಿಸಿಪಿ ಅಥವಾ ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್ ಹಾಕಿ. ಟಿಎಲ್‌ಎಸ್ ಇದ್ದಲ್ಲಿ ಎಎಲ್‌ಜಿಗೆ ಒಳಗೆ ಇಣುಕಲೂ ಆಗುವುದಿಲ್ಲ.

ನಡುರಾತ್ರಿ ಫೋನ್ ಹೊಡೆಯುತ್ತದೆ, ಎತ್ತಿದರೆ ಯಾರೂ ಇಲ್ಲ, ನಂಬರ್ 100 ಅಂತಲೋ 1000 ಅಂತಲೋ ಕಾಣುತ್ತದೆ. ಇದು ಯಾರದೋ ಕುಚೇಷ್ಟೆಯಲ್ಲ. ಇಂಟರ್‌ನೆಟ್‌ನಲ್ಲಿ ಸಿಪ್ ಸಾಧನಗಳನ್ನು ಹುಡುಕುತ್ತ ತಿರುಗುವ ಸ್ಕ್ಯಾನರ್ ಪ್ರೋಗ್ರಾಂಗಳು ನೇರವಾಗಿ ನಿಮ್ಮ ಡಬ್ಬಿಯ 5060ನೇ ಪೋರ್ಟ್‌ಗೆ ಕರೆ ಕಳಿಸುತ್ತಿರುತ್ತವೆ. ಸೇವೆಯ ದಾಖಲೆಯಲ್ಲಿ ಈ ಕರೆಗಳು ಇರುವುದೇ ಇಲ್ಲ, ಅದೇ ಗುರುತು. ಫೋನ್ ನಡೆಯಲಿ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದರೆ, ಡಿಎಂಜೆಡ್‌ನಲ್ಲಿ (ರೂಟರ್‌ನ ರಕ್ಷಣೆಯಿಲ್ಲದೆ ಇಂಟರ್‌ನೆಟ್‌ಗೆ ತೆರೆದಿಡುವುದು) ಇಟ್ಟಿದ್ದರೆ ಮೊದಲು ತೆಗೆಯಿರಿ. ಎಟಿಎಗೆ ಅವೆರಡೂ ಬೇಕಿಲ್ಲ. ಆಮೇಲೆ ಅದೇ ಸೆಟ್ಟಿಂಗ್ ಪುಟದಲ್ಲಿ, ಸಿಪ್ ಪ್ರಾಕ್ಸಿಯಿಂದ ಬಂದ ಸಂದೇಶ ಮಾತ್ರ ಒಪ್ಪುವ ಆಯ್ಕೆಗೆ 'ಯೆಸ್' ಕೊಡಿ. ಲೋಕಲ್ ಸಿಪ್ ಪೋರ್ಟನ್ನು 5060ರಿಂದ ಬೇರೆ ಯಾವುದಾದರೂ ದೊಡ್ಡ ಸಂಖ್ಯೆಗೆ ಬದಲಾಯಿಸಿ. ಈ ಆಯ್ಕೆಗಳು ಕೈಗೆಟುಕುವಂತೆ ಇರುವುದು ಈ ಡಬ್ಬಿಯ ಪರವಾಗಿ ಹೇಳಲೇಬೇಕಾದ ಮಾತು.

ಮಾತು ಒಡೆದು ಬರುವುದು ಬೇರೆ ಕಥೆ. ವೇಗ ಎಷ್ಟಿದೆ ಅನ್ನುವುದಕ್ಕಿಂತ ಅಪ್‌ಲೋಡ್ ತುಂಬಿದಾಗ ಏನಾಗುತ್ತದೆ ಅನ್ನುವುದು ಮುಖ್ಯ. ಯಾರೋ ಫೋಟೋಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ಮಾತಿನ ಪ್ಯಾಕೆಟ್‌ಗಳು ಆ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಸಂಭಾಷಣೆಗೆ ತೊಂದರೆಯಿಲ್ಲ ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸು. ಡಬ್ಬಿ ತನ್ನ ಮಾತಿನ ಪ್ಯಾಕೆಟ್‌ಗಳಿಗೆ 46 ಅನ್ನುವ ಆದ್ಯತೆಯ ಗುರುತು ಹಾಕಿಯೇ ಕಳಿಸುತ್ತದೆ. ರೂಟರ್ ಅದಕ್ಕೆ ಬೆಲೆ ಕೊಡಬೇಕಷ್ಟೆ. ಕ್ಯೂಓಎಸ್ (ಮುಖ್ಯ ಪ್ಯಾಕೆಟ್‌ಗಳಿಗೆ ಆದ್ಯತೆ ಕೊಡುವ ಸೌಲಭ್ಯ) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗಿಡಿ.

ಮನೆಯ ಎಲ್ಲ ಸಾಕೆಟ್‌ಗಳಿಗೂ ಲೈನ್

ಈಗ ತಾಮ್ರದ ತಂತಿ. ತೀರಾ ಸುಲಭದ ದಾರಿ ಬೇಕಿದ್ದರೆ ವೈರಿಂಗ್ ಮುಟ್ಟಲೇ ಬೇಡಿ. ಹಲವು ಹ್ಯಾಂಡ್‌ಸೆಟ್ ಇರುವ ಒಂದು ಕಾರ್ಡ್‌ಲೆಸ್ ಸೆಟ್ ತಂದು ಅದರ ಬೇಸನ್ನು ಡಬ್ಬಿಗೆ ಸಿಕ್ಕಿಸಿ, ಮಿಕ್ಕ ಹ್ಯಾಂಡ್‌ಸೆಟ್‌ಗಳನ್ನು ಬೇಕಾದ ಕೋಣೆಯಲ್ಲಿಡಿ. ಡಬ್ಬಿಯ ಮೇಲೆ ಒಂದೇ ಫೋನಿನ ಭಾರ. ಹೆಚ್ಚಿನ ಮನೆಗಳಿಗೆ ನಾವು ಶಿಫಾರಸು ಮಾಡುವುದು ಇದನ್ನೇ.

ಗೋಡೆಯ ಸಾಕೆಟ್‌ಗಳೇ ಬೇಕು ಅಂದರೆ, ಮೊದಲ ಮತ್ತು ಮೀರಬಾರದ ನಿಯಮ ಒಂದಿದೆ. ಹೊರಗಿನಿಂದ ಬರುವ ಟೆಲಿಫೋನ್ ಲೈನನ್ನು ಮನೆಯ ವೈರಿಂಗ್‌ನಿಂದ ಪೂರ್ತಿ ಬಿಡಿಸಬೇಕು. ಸೇವೆ ರದ್ದಾಗಿದ್ದರೂ ಎಕ್ಸ್‌ಚೇಂಜ್‌ನಿಂದ 48 ವೋಲ್ಟ್ ಬರುತ್ತಲೇ ಇರಬಹುದು. ಅದರ ಮೇಲೆ ಡಬ್ಬಿಯ ಪೋರ್ಟ್ ಸಿಕ್ಕಿಸಿದರೆ ಪೋರ್ಟ್ ಸುಡುತ್ತದೆ. ಹೊರಗಿನಿಂದ ಗಂಟೆಯ ವೋಲ್ಟೇಜ್ ಬಂದರಂತೂ ಹೇಳುವುದೇ ಬೇಡ. ಲೈನ್ ಮನೆಯೊಳಗೆ ಬರುವ ಪೆಟ್ಟಿಗೆಯನ್ನು ಹುಡುಕಿ, ಜೋಡಿ ತಂತಿ ಬಿಡಿಸಿ, ತುದಿಗಳನ್ನು ಬೇರೆ ಬೇರೆಯಾಗಿ ಟೇಪ್ ಸುತ್ತಿ, ಏನು ಏಕೆ ಬಿಡಿಸಿದ್ದು ಅಂತ ಒಂದು ಚೀಟಿ ಅಂಟಿಸಿ. ನಾಳೆ ಬಂದ ಯಾವನೋ ರಿಪೇರಿಯವನು ಒಳ್ಳೆಯದು ಮಾಡುತ್ತೇನೆಂದು ಮತ್ತೆ ಜೋಡಿಸಬಾರದು. ಬಿಡಿಸಿದ ಮೇಲೆ ಒಳಗಿನ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡಿ. ಸೊನ್ನೆ ಇರಬೇಕು. ಇಂಟರ್‌ನೆಟ್ಟೇ ಆ ಟೆಲಿಫೋನ್ ತಂತಿಯ ಮೇಲೆ ಡಿಎಸ್‌ಎಲ್ ಆಗಿ ಬರುತ್ತಿದ್ದರೆ, ಹೊರಗಿನ ಜೋಡಿಯನ್ನು ನೇರ ಮೋಡೆಮ್‌ಗೆ ಮಾತ್ರ ಒಯ್ದು, ಮಿಕ್ಕ ಸಾಕೆಟ್‌ಗಳ ಜೋಡಿಯನ್ನು ಅದರಿಂದ ಬೇರೆ ಮಾಡಿ.

ಎರಡನೇ ಪರೀಕ್ಷೆ ಸೋರಿಕೆಯದ್ದು. ಎಲ್ಲ ಫೋನ್ ಬಿಚ್ಚಿ, ಜೋಡಿ ತಂತಿಯ ನಡುವೆ ರೆಸಿಸ್ಟೆನ್ಸ್ ನೋಡಿದರೆ ಮೀಟರ್ ತೆರೆದ ಸರ್ಕ್ಯೂಟ್ ತೋರಿಸಬೇಕು. ಕೆಲವು ಸಾವಿರ ಓಮ್ ತೋರಿಸಿದರೆ ಎಲ್ಲೋ ತೇವ ಹಿಡಿದ ಸಾಕೆಟ್, ತುಕ್ಕು ಹಿಡಿದ ಜಾಯಿಂಟ್, ಇಲ್ಲವೇ ಮರೆತುಹೋದ ಯಾವುದೋ ಉಪಕರಣ ಇದೆ. ಯಾರೋ ರಿಸೀವರ್ ಎತ್ತಿದ್ದಾರೆ ಅಂತ ಡಬ್ಬಿ ಅಂದುಕೊಳ್ಳುವುದು ಇಂಥ ಕಡೆ. ಫೋನ್ ಹೊಡೆದ ಕೂಡಲೇ ತಾನೇ ಎತ್ತಿಕೊಂಡ ಹಾಗಾಗುವುದಕ್ಕೂ ಇದೇ ಕಾರಣ. ಸಾಕೆಟ್‌ಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಕಳ್ಳ ಸಿಗುತ್ತಾನೆ. ಕಳ್ಳರ ಅಲಾರಂ ಪ್ಯಾನೆಲ್ ಲೈನ್‌ಗೆ ಸೇರಿದೆಯೇ ಅಂತಲೂ ನೋಡಿ. ಅದು ಫೋನ್ ಲೈನ್ ಮೂಲಕ ಸುದ್ದಿ ಕಳಿಸುವ ಪ್ಯಾನೆಲ್ ಆದರೆ ಇಂಟರ್‌ನೆಟ್ ಕರೆಯ ಮೇಲೆ ಅದನ್ನು ನಂಬಬಾರದು. ಅಲಾರಂ ಕಂಪನಿಯವರಿಂದ ಬೇರೆ ಸಂಪರ್ಕ ಹಾಕಿಸಿಕೊಳ್ಳಿ.

ಇಷ್ಟಾದರೆ ಕೆಲಸ ಸುಲಭ. ಡಬ್ಬಿಯ ಫೋನ್ ಪೋರ್ಟ್‌ನಿಂದ ಹತ್ತಿರದ ಯಾವುದಾದರೂ ಗೋಡೆ ಸಾಕೆಟ್‌ಗೆ ಎರಡೂ ತುದಿಯಲ್ಲಿ ಪಿನ್ ಇರುವ ವೈರ್ ಹಾಕಿ. ಸಾಕೆಟ್‌ಗಳೆಲ್ಲ ಒಂದಕ್ಕೊಂದು ಜೋಡಿಸಿರುವುದರಿಂದ ಲೈನ್ ಎಲ್ಲ ಕಡೆಗೂ ಹರಡುತ್ತದೆ. ಬೇಕಾದವು ಆರ್‌ಜೆ11 ಪಿನ್ನಿನ ನಡುವಿನ ಎರಡು ತಂತಿಗಳು ಮಾತ್ರ. ಬ್ರಿಟಿಷ್ ಮಾದರಿಯ ಸಾಕೆಟ್ ಇರುವ ಕಡೆ ಒಂದು ಎಚ್ಚರಿಕೆ: ಅಲ್ಲಿ ಗಂಟೆಗೆ ಬೇಕಾದ ಕೆಪಾಸಿಟರ್ ಮಾಸ್ಟರ್ ಸಾಕೆಟ್‌ನಲ್ಲಿರುತ್ತದೆ. ಅದನ್ನು ಬಿಟ್ಟು ಜೋಡಿಸಿದರೆ ಹಳೇ ಫೋನ್‌ನಲ್ಲಿ ಮಾತು ಬರುತ್ತದೆ, ಗಂಟೆ ಬರುವುದಿಲ್ಲ.

ಎಷ್ಟು ಫೋನ್? ಪ್ರತಿ ಫೋನಿನ ತಳದಲ್ಲಿ ಆರ್‌ಇಎನ್ ಅನ್ನುವ ಸಂಖ್ಯೆ ಅಚ್ಚಾಗಿರುತ್ತದೆ, ಗಂಟೆ ಹೊಡೆಯಲು ಅದು ಲೈನ್ ಮೇಲೆ ಹಾಕುವ ಭಾರ. ಎಲ್ಲ ಕೂಡಿಸಿ ನೋಡಿ, ಮೊತ್ತ ಡಬ್ಬಿಯ ವಿವರಪಟ್ಟಿಯಲ್ಲಿರುವ ಮಿತಿಯೊಳಗಿರಲಿ. ಲೋಹದ ಗಂಟೆ ಇರುವ ಹಳೇ ಫೋನ್ ಒಂದೇ ಸುಮಾರು 1 ಆರ್‌ಇಎನ್. ಅಡಾಪ್ಟರ್‌ನಿಂದ ಪವರ್ ಪಡೆಯುವ ಈಚಿನ ಕಾರ್ಡ್‌ಲೆಸ್ ಅದರ ಒಂದು ಸಣ್ಣ ಪಾಲು. ಭಾರ ಮೀರಿದರೆ ಗಂಟೆಗಳು ಕ್ಷೀಣವಾಗುತ್ತವೆ, ಒಂದೆರಡು ಫೋನ್ ಮೂಕವಾಗುತ್ತವೆ. ಒಂದನ್ನು ಬಿಚ್ಚಿ ನೋಡಿದರೆ ಮಿಕ್ಕವು ಸರಿಹೋಗುತ್ತವೆ.

ಬೆರಳು ಹಾಕಿ ತಿರುಗಿಸುವ ಡಯಲ್ ಫೋನ್ ಪ್ರಿಯರಿಗೆ ಸಂತೋಷದ ಸುದ್ದಿ: ಈ ಡಬ್ಬಿಗಳಿಗೆ ಪಲ್ಸ್ ಡಯಲಿಂಗ್ ಗೊತ್ತು, ಅನೇಕ ಎಟಿಎಗಳಿಗೆ ಗೊತ್ತಿಲ್ಲ. ಸೆಟ್ಟಿಂಗ್‌ನಲ್ಲಿ ಪಲ್ಸ್ ಆನ್ ಮಾಡಬೇಕು. ಡಯಲ್‌ಗೆ ಹಾಕಿದ ಎಣ್ಣೆ ಒಣಗಿ ನಿಧಾನವಾಗಿದ್ದರೆ ಅಂಕಿಗಳು ತಪ್ಪಾಗುತ್ತವೆ. ಸೆಕೆಂಡ್‌ಗೆ 10 ಪಲ್ಸ್ ಅನ್ನುವುದು ಅದರ ಸಹಜ ವೇಗ, ಶುಚಿಮಾಡಿದರೆ ಸಾಮಾನ್ಯವಾಗಿ ಅಲ್ಲಿಗೆ ಮರಳುತ್ತದೆ. ಬ್ಯಾಂಕಿನ '1 ಒತ್ತಿ, 2 ಒತ್ತಿ' ಮೆನುಗಳು ಮಾತ್ರ ಅದರಿಂದ ಆಗದ ಕೆಲಸ.

ಗುಂಡಿಯ ಫೋನ್‌ನಲ್ಲೂ ಅಂಥ ಮೆನು ಒತ್ತಿದ್ದನ್ನು ಕೇಳಿಸಿಕೊಳ್ಳದಿದ್ದರೆ ಡಿಟಿಎಂಎಫ್ (ಗುಂಡಿ ಒತ್ತಿದಾಗಿನ ಸದ್ದು) ಸೆಟ್ಟಿಂಗ್‌ನಲ್ಲಿ ಆರ್‌ಎಫ್‌ಸಿ 2833 ಮೊದಲಿರಲಿ. ಮಾತಿನೊಳಗೇ ಸದ್ದು ಕಳಿಸುವ ವಿಧಾನ ಜಿ.711 ಇದ್ದಾಗ ಮಾತ್ರ ನಂಬಿಕಸ್ಥ. ಕರೆ ಮಾಡಿದವರ ನಂಬರ್ ಕಾಣದಿದ್ದರೆ ಕಾಲರ್ ಐಡಿ ಪದ್ಧತಿಯನ್ನು ಬದಲಾಯಿಸಿ ನೋಡಿ. ಬೆಲ್‌ಕೋರ್, ಇಟಿಎಸ್‌ಐ, ಡಿಟಿಎಂಎಫ್ ಎಲ್ಲವೂ ಪಟ್ಟಿಯಲ್ಲಿವೆ, ಫೋನ್ ಯಾವ ದೇಶಕ್ಕಾಗಿ ತಯಾರಾದದ್ದೋ ಆ ಪದ್ಧತಿ ಹಾಕಬೇಕು. ಬೆಲ್‌ಕೋರ್‌ನಲ್ಲಿ ನಂಬರ್ ಬರುವುದು ಮೊದಲ ಮತ್ತು ಎರಡನೇ ಗಂಟೆಯ ನಡುವೆ, ಮೊದಲ ಗಂಟೆಗೇ ಎತ್ತಿದರೆ ಕಾಣುವುದಿಲ್ಲ. ಆಚೆಯವರಿಗೆ ಅವರದ್ದೇ ದನಿ ತಿರುಗಿ ಕೇಳಿಸಿದರೆ ಎಸ್‌ಎಲ್‌ಐಸಿ (ಡಬ್ಬಿಯಲ್ಲಿ ಫೋನ್ ಲೈನ್ ನಡೆಸುವ ಭಾಗ) ಸೆಟ್ಟಿಂಗ್‌ನಲ್ಲಿ ಫೋನಿಗೆ ಹೊಂದುವ ಇಂಪೀಡೆನ್ಸ್ ಆರಿಸಿ, ಗೇನ್ ಒಂದೆರಡು ಡೆಸಿಬೆಲ್ ಇಳಿಸಿ.

ಫ್ಯಾಕ್ಸ್ ಬಗ್ಗೆ ಹೆಚ್ಚು ಭರವಸೆ ಕೊಡಲಾರೆವು. ಸೇವೆ ಟಿ.38 (ಇಂಟರ್‌ನೆಟ್ ಮೇಲೆ ಫ್ಯಾಕ್ಸ್ ಕಳಿಸುವ ಪದ್ಧತಿ) ಒಪ್ಪಿದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಜಿ.711 ಇಟ್ಟು, ಸೈಲೆನ್ಸ್ ಸಪ್ರೆಶನ್ (ಮೌನದಲ್ಲಿ ಪ್ಯಾಕೆಟ್ ಕಳಿಸದಿರುವ ಸೌಲಭ್ಯ) ತೆಗೆದು, ಯಂತ್ರದ ವೇಗವನ್ನು 9600ಕ್ಕೆ ಇಳಿಸಿ. ಒಂದೆರಡು ಪುಟ ಹೋಗುತ್ತದೆ, ದೊಡ್ಡ ಕಟ್ಟು ಹೋಗುವ ಖಾತ್ರಿ ಇಲ್ಲ.

ಕರೆಂಟ್ ಹೋದರೆ, ತುರ್ತು ಬಂದರೆ

ಹಳೇ ಲೈನ್‌ಗೆ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಈಗ ಡಬ್ಬಿ, ರೂಟರ್, ಫೈಬರ್ ಅಥವಾ ಕೇಬಲ್ ಮೋಡೆಮ್, ಕಾರ್ಡ್‌ಲೆಸ್ ಆದರೆ ಅದರ ಬೇಸ್, ಈ ನಾಲ್ಕೂ ಬ್ಯಾಟರಿಯ ಮೇಲಿರಬೇಕು. ಮೂರನ್ನು ಯುಪಿಎಸ್‌ಗೆ ಹಾಕಿ ಒಂದನ್ನು ಮರೆತರೂ ಫೋನ್ ಸತ್ತಂತೆಯೇ. ಎಟಿಎಗೆ ಬೇಕಾದದ್ದು ಹೆಚ್ಚೆಂದರೆ 5 ವ್ಯಾಟ್ ಆದ್ದರಿಂದ ಯುಪಿಎಸ್ ಅಳತೆಯನ್ನು ರೂಟರ್ ಮತ್ತು ಮೋಡೆಮ್ ನೋಡಿ ನಿರ್ಧರಿಸಿ. ಮನೆಯಲ್ಲಿ ವೈರ್ ಇರುವ ಒಂದು ಸಾದಾ ಫೋನ್ ಸಿಕ್ಕಿಸಿಡುವುದು ಒಳ್ಳೆಯದು, ಅದಕ್ಕೆ ಬೇರೆ ಪವರ್ ಬೇಡ.

ತುರ್ತು ಕರೆ ಮಾಡಿದಾಗ ಆ ಕಡೆಯವರಿಗೆ ಕಾಣುವ ವಿಳಾಸ ನೀವು ಸೇವೆಯಲ್ಲಿ ದಾಖಲಿಸಿದ್ದು, ಡಬ್ಬಿ ನಿಜವಾಗಿ ಇರುವ ಜಾಗವಲ್ಲ. ಮನೆ ಬದಲಾಯಿಸಿ ಡಬ್ಬಿಯನ್ನು ಜೊತೆಗೆ ಒಯ್ದರೆ ಅದೇ ನಂಬರ್ ಹೊಸ ಮನೆಯಲ್ಲೂ ನಡೆಯುತ್ತದೆ, ಆಂಬುಲೆನ್ಸ್ ಮಾತ್ರ ಹಳೇ ಮನೆಗೆ ಹೋಗಬಹುದು. ವಿಳಾಸ ತಿದ್ದುವ ಕೆಲಸ ಪೆಟ್ಟಿಗೆ ಬಿಚ್ಚುವ ಮೊದಲೇ ಆಗಲಿ. ಕೆಲವು ಸೇವೆಗಳು ತುರ್ತು ನಂಬರ್‌ಗಳಿಗೆ ಕರೆಯನ್ನೇ ಕೊಡುವುದಿಲ್ಲ. ನಿಮ್ಮದು ಅಂಥದ್ದಾದರೆ ಫೋನಿನ ಮೇಲೇ ಚೀಟಿ ಅಂಟಿಸಿ ಮನೆಯವರಿಗೂ ಕೆಲಸದವರಿಗೂ ತಿಳಿಸಿಡಿ. ಆ ಮನೆಯಲ್ಲಿ ಚಾರ್ಜ್ ಇರುವ ಒಂದು ಮೊಬೈಲ್ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಲೇಬೇಕು.

ಎಲ್ಲ ಸರಿಹೋದ ದಿನ ವೆಬ್ ಪುಟದಿಂದ ಸೆಟ್ಟಿಂಗ್ ಫೈಲನ್ನು ಡೌನ್‌ಲೋಡ್ ಮಾಡಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ, ಸಿಪ್ ಪಾಸ್‌ವರ್ಡನ್ನು ಬೇರೆಯಾಗಿ ಬರೆದಿಡಿ. ಡಬ್ಬಿಯ ಹಿಂದಿನ ಸಣ್ಣ ತೂತಿನಲ್ಲಿರುವ ರೀಸೆಟ್ ಗುಂಡಿಯನ್ನು 7 ಸೆಕೆಂಡ್ ಒತ್ತಿ ಹಿಡಿದರೆ ಇಷ್ಟೂ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಫೈಲ್ ಕೈಯಲ್ಲಿದ್ದರೆ ಮತ್ತೆ ಮೊದಲಿನಂತೆ ಮಾಡಲು ಐದು ನಿಮಿಷ ಸಾಕು.